ಮೆಂತ್ಯದ ಡಬ್ಬಿಯಲ್ಲಿ ಯಾರೋ ಉಸಿರಾಡುತ್ತಿದ್ದಾರೆ!

ನಿಮ್ಮ ಅಡುಗೆಮನೆಯ ಕಪಾಟಿನಲ್ಲಿ ಸಾಸಿವೆ, ಜೀರಿಗೆಗಳ ಪಕ್ಕ ಮೆಂತ್ಯದ ಡಬ್ಬಿ ಇದೆಯಲ್ಲ, ಅದರೊಳಗೆ ಸಾವಿರಾರು ಜೀವಗಳು ಉಸಿರು ಬಿಗಿಹಿಡಿದು ಕೂತಿವೆ. ಉತ್ಪ್ರೇಕ್ಷೆಯಲ್ಲ! ಪ್ರತಿ ಕಾಳಿನೊಳಗೂ ಒಂದು ಪುಟ್ಟ ಬೇರು, ಒಂದು ಪುಟ್ಟ ಕುಡಿ, ಎರಡು ದಪ್ಪ ಎಲೆ, ಮೊದಲ ಕೆಲವು ದಿನಕ್ಕೆ ಸಾಕಾಗುವಷ್ಟು ಆಹಾರ, ಎಲ್ಲವೂ ಮಡಚಿಟ್ಟು ತಯಾರಾಗಿವೆ. ಒಳಗಿರುವ ನೀರು ತೂಕದ ಹತ್ತನೇ ಒಂದು ಪಾಲಿನ ಆಸುಪಾಸು, ಅಷ್ಟೇ. ನಾವು ನೀವು ಅಷ್ಟು ಒಣಗುವುದಕ್ಕೆ ಎಷ್ಟೋ ಮೊದಲೇ ಸತ್ತಿರುತ್ತೇವೆ. ಇವು ಸಾಯುವುದಿಲ್ಲ. ಹುಳಿಯ ಒಗ್ಗರಣೆಗೆ ಬಿದ್ದ ನಾಲ್ಕು ಕಾಳು ಎಣ್ಣೆಯಲ್ಲಿ ಕೆಂಪಾಗಿ ಕಥೆ ಮುಗಿಸುತ್ತವೆ. ಅದೇ ಡಬ್ಬಿಯ ಇನ್ನು ನಾಲ್ಕು ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ನಾಡಿದ್ದು ಬಿಚ್ಚಿ ನೋಡಿ, ಬಿಳಿ ಬಾಲ ಚಾಚಿಕೊಂಡು ಕೂತಿರುತ್ತವೆ!

ಎಷ್ಟು ದಿನ ಕಾಯಬಲ್ಲವು ಇವು? ಇಲ್ಲಿಂದಲೇ ನನಗೆ ಹುಚ್ಚು ಹಿಡಿಯಲು ಶುರುವಾದದ್ದು. 1879ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ವಿಲಿಯಂ ಬೀಲ್ ಎಂಬ ಸಸ್ಯಶಾಸ್ತ್ರದ ಮೇಷ್ಟ್ರು 20 ಬಾಟಲಿಗಳಿಗೆ ಮರಳಿನ ಜೊತೆ ಕಳೆಗಿಡಗಳ ಬೀಜ ತುಂಬಿ, ಕಾಲೇಜಿನ ಆವರಣದಲ್ಲಿ ಹೂತಿಟ್ಟರು. ಇಂತಿಷ್ಟು ವರ್ಷಕ್ಕೊಂದು ಬಾಟಲಿ ತೆಗೆದು ಬಿತ್ತಿ ನೋಡಬೇಕು, ಯಾವುದು ಹುಟ್ಟುತ್ತದೆ, ಯಾವುದು ಸತ್ತಿದೆ ಅಂತ. ಬೀಲ್ ಹೋದರು, ಅವರ ಶಿಷ್ಯರು ಹೋದರು, ಶಿಷ್ಯರ ಶಿಷ್ಯರೂ ಹೋದರು. ಪ್ರಯೋಗ ಇನ್ನೂ ನಡೆಯುತ್ತಿದೆ! 2021ರಲ್ಲಿ ತೆಗೆದ ಬಾಟಲಿಯಲ್ಲೂ 141 ವರ್ಷಕ್ಕೂ ಹೆಚ್ಚು ಕಾಲ ನೆಲದಡಿ ಕಳೆದ ಬೀಜಗಳು ಮೊಳೆತವು. ಮುಂದಿನ ಬಾಟಲಿ 2040ಕ್ಕೆ, ಕೊನೆಯದು 2100ಕ್ಕೆ. ಅಂದಹಾಗೆ ಆ ಬಾಟಲಿಯನ್ನು ಅಗೆಯುವುದು ರಾತ್ರಿಯ ಕತ್ತಲಲ್ಲಿ. ಯಾಕೆ ಕತ್ತಲಲ್ಲೇ ಎಂಬುದನ್ನು ಆಮೇಲೆ ಹೇಳುತ್ತೇನೆ, ಅದೇ ಒಂದು ಪವಾಡ.

ಇಸ್ರೇಲಿನ ಮಸಾಡಾ ಕೋಟೆಯ ಕಥೆ ಇದನ್ನೂ ಮೀರಿಸುತ್ತದೆ. 1960ರ ದಶಕದ ಉತ್ಖನನದಲ್ಲಿ ಸಿಕ್ಕಿದ ಖರ್ಜೂರದ ಬೀಜಗಳು ದಶಕಗಟ್ಟಲೆ ಒಂದು ಡ್ರಾಯರಿನಲ್ಲಿ ಬಿದ್ದಿದ್ದವು. 2005ರಲ್ಲಿ ವಿಜ್ಞಾನಿಗಳು ಅವುಗಳಲ್ಲಿ ಕೆಲವನ್ನು ನೆಟ್ಟರು. ಒಂದು ಚಿಗುರಿಯೇಬಿಟ್ಟಿತು. ಅದರ ವಯಸ್ಸು ಸುಮಾರು 2000 ವರ್ಷ!

ಹೀಗಿರುವಾಗ, ಪೇಟೆಯಿಂದ ತಂದ ಬೆಂಡೆ ಬೀಜದ ಪೊಟ್ಟಣವನ್ನು ನಾನಾದರೂ ಹೇಗೆ ಸುಮ್ಮನೆ ಹರಿಯಲಿ?

*

ಶಿವರಾತ್ರಿ ಬಂದರೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎನ್ನುತ್ತಾರೆ. ತರಕಾರಿ ಬಿತ್ತುವವರಿಗೆ ಈ ಮಾತು ಹವಾಮಾನ ವರದಿಗಿಂತ ಮೇಲು. ಹೊಂಗೆ ಎಲೆ ಉದುರಿಸಿ ತಿಳಿಹಸಿರಾಗುವ, ಮಾವು ಹೂವು ಹೊತ್ತು ನಿಲ್ಲುವ, ಬೆಂಗಳೂರಿನ ರಸ್ತೆಗಳಲ್ಲಿ ಗುಲಾಬಿ ಬಣ್ಣದ ತಬೂಬಿಯಾ ಹೂವು ಹಾಸಿಕೊಳ್ಳುವ ಈ ಹೊತ್ತಿಗೆ ಕುಂಡದ ಮಣ್ಣು ಬೆಚ್ಚಗಾಗುತ್ತದೆ. ಬೀಜಕ್ಕೆ ಬೇಕಾದದ್ದು ಇದೇ. ಜನವರಿಯ ತಣ್ಣನೆ ಮಣ್ಣಿನಲ್ಲಿ ಮುಖ ಸಿಂಡರಿಸಿಕೊಂಡಿದ್ದ ಬೆಂಡೆ, ಫೆಬ್ರುವರಿ ಕೊನೆಗೆ ನಾಲ್ಕೈದು ದಿನದಲ್ಲಿ ತಲೆಯೆತ್ತುತ್ತದೆ. ಹೀರೆ, ಸೋರೆ, ಹಾಗಲ, ಸೌತೆ, ಕುಂಬಳ, ಅಲಸಂದೆ, ಗೋರಿಕಾಯಿ, ಹರಿವೆ, ಎಲ್ಲಕ್ಕೂ ಇದು ಸುಮುಹೂರ್ತ. ಟೊಮೆಟೊ, ಬದನೆ, ಮೆಣಸಿನಕಾಯಿಯನ್ನು ಟ್ರೇಯಲ್ಲಿ ಮೊಳೆಸಿ ಸಸಿ ಮಾಡಿಕೊಂಡು ಆಮೇಲೆ ಕಿತ್ತು ಕುಂಡಕ್ಕೆ ನೆಡಬೇಕು. ಟೊಮೆಟೊದವರು ತಡಮಾಡಬಾರದು. ಹಗಲು 35 ಡಿಗ್ರಿ ದಾಟಿದರೆ, ರಾತ್ರಿಯೂ ಸೆಕೆ ಇಳಿಯದಿದ್ದರೆ, ಅದು ಹೂವನ್ನೇ ಉದುರಿಸಿಬಿಡುತ್ತದೆ. ಕಲಬುರಗಿ, ರಾಯಚೂರಿನ ತಾರಸಿಗಳಿಗೆ ಹಸಿರು ನೆರಳು ಪರದೆ ಇಲ್ಲದೆ ಈ ಆಟ ಬೇಡ. ಹೂಕೋಸು, ಅವರೆ, ಬಟಾಣಿಯ ಆಸೆಯನ್ನು ಮುಂದಿನ ಚಳಿಗಾಲದವರೆಗೆ ಕಟ್ಟಿಡಿ.

ಸಾಮಾನು ಸರಂಜಾಮಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅಂಗಡಿಯವರು ಬೇಕಾದಷ್ಟು ಹೇಳುತ್ತಾರೆ. ತೆಂಗಿನ ನಾರಿನ ಪುಡಿ ಮತ್ತು ಎರೆಹುಳು ಗೊಬ್ಬರ ಸಮಸಮ ಬೆರೆಸಿದರೆ ಬೀಜ ಮೊಳೆಸಲು ಸಾಕು. ದೊಡ್ಡ ಕುಂಡಕ್ಕಾದರೆ ಅದಕ್ಕೇ ಕೆಂಪು ಮಣ್ಣು ಸೇರಿಸಿ. ತಳದಲ್ಲಿ ತೂತು ಮಾಡಿದ ಮೊಸರಿನ ಡಬ್ಬಿಯೂ ಆದೀತು, ಬಣ್ಣದ ಬಕೆಟ್ಟೂ ಆದೀತು. ಬೀಜ ಎಷ್ಟು ದಪ್ಪವೋ ಅದರ ಎರಡು ಮೂರು ಪಟ್ಟು ಆಳ. ಸೋರೆ ಬೀಜ ಬೆರಳ ಗೆಣ್ಣಿನಷ್ಟು ಒಳಗೆ, ಹರಿವೆ ಬೀಜ ಬರೀ ಮೇಲೆ ಉದುರಿಸಿ ತೆಳುವಾಗಿ ಮಣ್ಣು ಮುಚ್ಚಿದರೆ ಮುಗಿಯಿತು.

ನಾನು ಹೇಳಲು ಹೊರಟದ್ದು ಮುಚ್ಚಿದ ಆ ಮಣ್ಣಿನ ಕೆಳಗೆ ಏನಾಗುತ್ತದೆ ಎಂಬುದನ್ನು!

ಅದನ್ನು ನೋಡಲು ಒಂದು ಉಪಾಯವಿದೆ. ಗಾಜಿನ ಲೋಟದ ಒಳಗೋಡೆಗೆ ಒದ್ದೆ ಟಿಶ್ಯೂ ಕಾಗದ ಅಂಟಿಸಿ, ಗಾಜಿಗೂ ಕಾಗದಕ್ಕೂ ನಡುವೆ ಮೂರ್ನಾಲ್ಕು ಅಲಸಂದೆ ಕಾಳು ಸಿಕ್ಕಿಸಿ, ತಳದಲ್ಲಿ ಅರ್ಧ ಇಂಚು ನೀರಿಡಿ. ಮಣ್ಣಿನ ಕತ್ತಲಲ್ಲಿ ನಡೆಯುವುದೆಲ್ಲ ಈಗ ನಿಮ್ಮ ಕಣ್ಣೆದುರಿಗೇ ನಡೆಯುತ್ತದೆ. ನಮ್ಮಮ್ಮ ಮಲೆನಾಡಿನವರು, ಇಂಥ ಲೋಟ ನೋಡಿದವರಲ್ಲ. ಕುಂಡದ ಮಣ್ಣನ್ನು ನಾನು ಮತ್ತೆ ಮತ್ತೆ ಕೆದಕುವುದನ್ನು ಕಂಡು ಅವರೇ ಗದರಿದ್ದು: "ದಿನಾ ಬಗೆದು ಬಗೆದು ನೋಡ್ತಾ ಕೂತ್ರೆ ಅದು ಹುಟ್ಟೋದಾದ್ರೂ ಹ್ಯಾಗೆ ಮಾರಾಯ್ತಿ? ಅದರ ಪಾಡಿಗೆ ಅದನ್ನ ಬಿಡು." ಲೋಟ ಇಟ್ಟ ಮೇಲೆ ಅವರೇ ಬೆಳಿಗ್ಗೆ ಕಾಫಿ ಹಿಡಿದು ಮೊದಲು ಹೋಗುತ್ತಿದ್ದದ್ದು ಅಡುಗೆಮನೆ ಕಿಟಕಿಯ ಹತ್ತಿರ. "ಬಾ ಬಾ, ನಿನ್ನ ಅಲಸಂದೆ ಕಾಲು ಇಳಿಬಿಟ್ಟಿದೆ!"

ಮೊದಲು ಕಾಳಿನ ಸಿಪ್ಪೆ ಸುಕ್ಕುಸುಕ್ಕಾಗುತ್ತದೆ. ಅಲಸಂದೆಯ ಕಪ್ಪು ಕಣ್ಣಿನ ಪಕ್ಕದಲ್ಲಿ ಸೂಜಿಮೊನೆಯಷ್ಟು ಒಂದು ರಂಧ್ರವಿದೆ. ನೆನೆದ ಕಾಳನ್ನು ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಅಲ್ಲಿಂದ ಒಂದು ಹನಿ ಇಣುಕುವುದನ್ನು ಕಾಣಬಹುದು. ಸಂಜೆಯ ಹೊತ್ತಿಗೆ ಕಾಳು ಊದಿ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಒಳಗೆ ನೀರು ತಗುಲಿದ್ದೇ ತಡ, ಅಷ್ಟು ದಿನ ಸ್ತಬ್ಧವಾಗಿದ್ದ ಕಾರ್ಖಾನೆಯೆಲ್ಲ ಒಟ್ಟಿಗೇ ಶುರು. ಕೂಡಿಟ್ಟ ಪಿಷ್ಟವನ್ನು ಕಿಣ್ವಗಳು ಒಡೆದು ಸಕ್ಕರೆ ಮಾಡುತ್ತವೆ. ಈ ಸಂಗತಿ ನಮ್ಮ ಅಜ್ಜಿಯಂದಿರ ನಾಲಿಗೆಗೆ ಗೊತ್ತಿತ್ತು. ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸಿದ ರಾಗಿ ಮಾಲ್ಟ್ ಬೆಲ್ಲ ಹಾಕುವ ಮೊದಲೇ ತುಸು ಸಿಹಿಯಾಗಿರುತ್ತದಲ್ಲ, ಆ ಸಿಹಿ ಹುಟ್ಟಲಿದ್ದ ಪೈರಿಗೆಂದು ತಯಾರಾದದ್ದು! ರಾಗಿ, ಭತ್ತ, ಬಾರ್ಲಿಯಂಥ ಧಾನ್ಯಗಳಲ್ಲಿ ಒಳಗಿನ ಭ್ರೂಣವೇ ಜಿಬ್ಬರೆಲಿನ್ ಎಂಬ ಹಾರ್ಮೋನ್ ಸುರಿಸಿ "ಉಗ್ರಾಣ ತೆಗೆಯಿರಿ" ಎಂದು ಆಜ್ಞೆ ಕಳಿಸುತ್ತದೆ. ಕೂದಲೆಳೆಯಷ್ಟೂ ಇಲ್ಲದ ಜೀವದಿಂದ ಅಪ್ಪಣೆ!

ಆಮೇಲೆ ಬೇರು. ಹೆಚ್ಚುಕಡಿಮೆ ಯಾವಾಗಲೂ ಮೊದಲು ಬೇರೇ. ಬಿಳಿಯ, ಮೊನಚಾದ, ಪಳಪಳನೆ ಹೊಳೆಯುವ ಮೂತಿ. ಕಾಳನ್ನು ನೀವು ಯಾವ ಭಂಗಿಯಲ್ಲಿ ಸಿಕ್ಕಿಸಿದ್ದರೂ ಸರಿ, ಮಕಾಡೆ, ಅಡ್ಡಡ್ಡ, ತಲೆಕೆಳಗು, ಅದು ಬಾಗಿ ನೆಲದ ಕಡೆಗೇ ಇಳಿಯುತ್ತದೆ. ಈಗ ಒಂದು ತಂಟೆ ಮಾಡಿ. ಒಂದೆರಡು ಅಂಗುಲ ಬೇರು ಬಂದ ಮೇಲೆ ಲೋಟವನ್ನು ಅಡ್ಡ ಮಲಗಿಸಿ ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಎದ್ದು ನೋಡಿದರೆ ಬೇರಿನ ತುದಿ ಲಂಬಕೋನದಲ್ಲಿ ತಿರುಗಿ ಮತ್ತೆ ಕೆಳಮುಖ! ಕಣ್ಣಿಲ್ಲ, ಕಿವಿಯಿಲ್ಲ, ನೆಲ ಯಾವ ಕಡೆ ಅಂತ ಅದಕ್ಕೆ ಹೇಳಿದ್ದು ಯಾರು?

ಹೇಳಿದ್ದು ಪಿಷ್ಟದ ಹರಳುಗಳು. ಬೇರಿನ ತುದಿಗೆ ಒಂದು ಟೋಪಿ ಇದೆ. ಅದರೊಳಗಿನ ಕೋಶಗಳಲ್ಲಿ ಭಾರವಾದ ಪಿಷ್ಟದ ಕಣಗಳಿವೆ. ಲೋಟ ಅಡ್ಡವಾದರೆ ಕಣಗಳು ಉರುಳಿ ಕೆಳಗಾದ ಬದಿಗೆ ಕೂರುತ್ತವೆ, ಕೋಶಕ್ಕೆ ಸುದ್ದಿ ಮುಟ್ಟುತ್ತದೆ, ಆಕ್ಸಿನ್ ಎಂಬ ಹಾರ್ಮೋನ್ ಕೆಳಬದಿಗೆ ಹರಿಯುತ್ತದೆ, ಆ ಬದಿಯ ಬೆಳವಣಿಗೆ ನಿಧಾನವಾಗಿ ಬೇರು ಕೆಳಕ್ಕೆ ಬಾಗುತ್ತದೆ. ಚಾರ್ಲ್ಸ್ ಡಾರ್ವಿನ್ ಮತ್ತು ಅವರ ಮಗ ಫ್ರಾನ್ಸಿಸ್ ಈ ಬೇರುಗಳ ಹಿಂದೆ ವರ್ಷಗಟ್ಟಲೆ ಬಿದ್ದಿದ್ದರು. ತುದಿ ಕತ್ತರಿಸಿದ ಬೇರಿಗೆ ದಿಕ್ಕು ತೋಚುವುದಿಲ್ಲ ಎಂದು ಕಂಡುಕೊಂಡರು. ಸಸ್ಯಗಳ ಚಲನೆಯ ಬಗ್ಗೆ 1880ರಲ್ಲಿ ಅವರು ಹೊರತಂದ ಪುಸ್ತಕದಲ್ಲಿ ಬೇರಿನ ತುದಿಯನ್ನು ಕೆಳದರ್ಜೆಯ ಪ್ರಾಣಿಗಳ ಮಿದುಳಿಗೆ ಹೋಲಿಸಿದ್ದಾರೆ. ವಿಕಾಸವಾದದ ಡಾರ್ವಿನ್, ಇಳಿವಯಸ್ಸಿನಲ್ಲಿ ಮನೆಯೊಳಗೆ ಕುಂಡ ಇಟ್ಟುಕೊಂಡು ಮೊಳಕೆ ನೋಡುತ್ತ ಕೂತಿದ್ದರು ಅನ್ನುವುದೇ ನನಗೆ ಪರಮ ಸಮಾಧಾನ. ಮನೆಯವರು ನಗುವಾಗ ಹೇಳಲು ಒಂದು ಹೆಸರು ಸಿಕ್ಕಿತು.

ಹಾಗಾದರೆ ಮೇಲು ಕೆಳಗೇ ಇಲ್ಲದ ಕಡೆ ಬೀಜ ಬಿತ್ತಿದರೆ? ಬಿತ್ತಿದ್ದಾರೆ! ಅದೂ ನಮ್ಮ ಅಲಸಂದೆಯನ್ನೇ! 2024ರ ಡಿಸೆಂಬರ್ 30ರಂದು ಹಾರಿದ ಪಿಎಸ್‌ಎಲ್‌ವಿ-ಸಿ60 ರಾಕೆಟ್ಟಿನ ಕೊನೆಯ ಹಂತದಲ್ಲಿ ಇಸ್ರೋ ಒಂದು ಪುಟ್ಟ ಪೆಟ್ಟಿಗೆಯೊಳಗೆ 8 ಅಲಸಂದೆ ಬೀಜ ಇಟ್ಟು ಕಳಿಸಿತ್ತು. ಭೂಮಿಯನ್ನು ಸುತ್ತುತ್ತಲೇ ಅವು ನಾಲ್ಕು ದಿನದಲ್ಲಿ ಮೊಳೆತವು, ಆಮೇಲೆ ಎಲೆಯನ್ನೂ ಬಿಟ್ಟವು. ಮರುವರ್ಷ, 2025ರ ಜೂನ್–ಜುಲೈನಲ್ಲಿ, ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ಜೊತೆಯಲ್ಲಿ ಏನಿತ್ತು ಗೊತ್ತೇ? ಮೆಂತ್ಯ ಮತ್ತು ಹೆಸರುಕಾಳು! ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಧಾರವಾಡದ ವಿಜ್ಞಾನಿಗಳು ಸೇರಿ ರೂಪಿಸಿದ ಪ್ರಯೋಗ ಅದು. ಧಾರವಾಡದ ಮೆಂತ್ಯ ಬಾಹ್ಯಾಕಾಶದಲ್ಲಿ ಮೊಳೆತು ಬಂತು. ಪೇಡೆಯ ಊರಿಗೆ ಇನ್ನೊಂದು ಕೀರ್ತಿ.

*

ಬೇರು ಇಳಿದಾಯಿತು. ಇನ್ನು ಮೇಲೇಳುವ ಸರದಿ. ಇಲ್ಲಿ ನಿಜವಾದ ಸಂಕಟವಿದೆ: ಎಳೆ ಎಲೆಗಳು ಹಾಲಿನ ಕೆನೆಗಿಂತ ಮೃದು, ಮೇಲಿರುವುದು ಮರಳು, ಹರಳು, ಗಟ್ಟಿ ಮಣ್ಣು. ತಲೆಯೆತ್ತಿ ನೇರ ನುಗ್ಗಿದರೆ ಎಲೆ ಹರಿದುಹೋಗುತ್ತದೆ. ಅದಕ್ಕೆ ಅಲಸಂದೆ ಏನು ಮಾಡುತ್ತದೆ ನೋಡಿ. ತಲೆಯನ್ನು ಬಗ್ಗಿಸಿ, ಕಾಂಡವನ್ನು ಕೊಕ್ಕೆಯಾಗಿಸಿ, ಕೊಕ್ಕೆಯ ಬೆನ್ನನ್ನೇ ಮಣ್ಣಿಗೆ ಕೊಟ್ಟು ಒತ್ತುತ್ತದೆ. ಎಲೆಗಳು ಹಿಂದಿನಿಂದ, ಕೆಳಮುಖವಾಗಿ, ಸುರಕ್ಷಿತವಾಗಿ ಎಳೆಸಿಕೊಂಡು ಬರುತ್ತವೆ. ಬೆಳಕು ತಾಗಿದ ಮೇಲೆಯೇ ಕೊಕ್ಕೆ ನೆಟ್ಟಗಾಗುವುದು. ಕುಂಡದ ಮಣ್ಣು ಬಿರಿದು, ಆ ಬಿರುಕಿನಲ್ಲಿ ಬಿಳಿಹಸಿರು ಕಮಾನೊಂದು ಕಂಡ ಬೆಳಿಗ್ಗೆ ಕೆಲಸಕ್ಕೆ ತಡವಾಗುವುದು ಗ್ಯಾರಂಟಿ!

ಕೊಕ್ಕೆಯನ್ನು ಬಗ್ಗಿಸಿಯೇ ಇಡುವುದು ಗಿಡ ತಾನೇ ತಯಾರಿಸುವ ಒಂದು ಅನಿಲ, ಎಥಿಲೀನ್. ಬಾಳೆಗೊನೆಯನ್ನು ಹಣ್ಣು ಮಾಡುತ್ತದಲ್ಲ, ಅದೇ. ಮಣ್ಣು ಗಟ್ಟಿಯಿದ್ದಷ್ಟೂ ಅನಿಲ ಹೆಚ್ಚು, ಕಾಂಡ ದಪ್ಪ, ಕೊಕ್ಕೆ ಬಿಗಿ. ಗಿಡಗಳ ಮೇಲೆ ಎಥಿಲೀನ್‌ನ ಪ್ರಭಾವ ಪತ್ತೆಯಾದದ್ದೂ ಮೊಳಕೆಯಿಂದಲೇ. 1901ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ಪ್ರಯೋಗಾಲಯದಲ್ಲಿ ದಿಮಿತ್ರಿ ನೆಲ್ಯುಬೊವ್ ಎಂಬ ಯುವಕ ಬೆಳೆಸಿದ ಬಟಾಣಿ ಮೊಳಕೆಗಳು ನೆಟ್ಟಗೆ ಏಳದೆ ಅಡ್ಡಡ್ಡ ಬೆಳೆಯುತ್ತಿದ್ದವು. ಹುಡುಕುತ್ತ ಹೋದರೆ ಕಳ್ಳ ಯಾರು? ದೀಪಕ್ಕೆ ಬಳಸುತ್ತಿದ್ದ ಗ್ಯಾಸಿನಲ್ಲಿದ್ದ ಎಥಿಲೀನ್!

ಕುಂಬಳ ಜಾತಿಯದು ಇನ್ನೂ ಚಮತ್ಕಾರ. ಅದರ ಬೀಜದ ಸಿಪ್ಪೆ ಗಟ್ಟಿ, ಎಲೆಗಳು ಒಳಗೆ ಸಿಕ್ಕಿಬಿದ್ದಿರುತ್ತವೆ. ಬೇರು ಹೊರಬಂದ ಜಾಗದಲ್ಲಿ, ಕಾಂಡದ ಬುಡದ ಒಂದೇ ಬದಿಗೆ, ಒಂದು ಪುಟ್ಟ ಗೂಟ ಮೂಡುತ್ತದೆ. ಆ ಗೂಟ ಸಿಪ್ಪೆಯ ಕೆಳತುಟಿಯನ್ನು ಗಟ್ಟಿಯಾಗಿ ಒತ್ತಿಹಿಡಿಯುತ್ತದೆ. ಮೇಲೆ ಕಾಂಡದ ಕೊಕ್ಕೆ ಬೆಳೆಯುತ್ತ ಎಳೆಯುತ್ತದೆ. ಒಂದು ಕಾಲಿನಿಂದ ಇನ್ನೊಂದು ಶೂವಿನ ಹಿಮ್ಮಡಿ ಮೆಟ್ಟಿ ಕಾಲೆಳೆದುಕೊಳ್ಳುತ್ತೇವಲ್ಲ, ಥೇಟ್ ಹಾಗೇ! ಸಿಪ್ಪೆ ಮಣ್ಣಿನಲ್ಲೇ ಉಳಿಯುತ್ತದೆ, ಎಲೆಗಳು ಬಿಡುಗಡೆ. ಈ ಗೂಟವನ್ನೂ ಡಾರ್ವಿನ್ ಬಿಟ್ಟಿಲ್ಲ, ಅದೇ ಪುಸ್ತಕದಲ್ಲಿ ವರ್ಣಿಸಿದ್ದಾರೆ. ಬೀಜವನ್ನು ತೀರ ಮೇಲಕ್ಕೆ ಬಿತ್ತಿದರೆ, ಅಥವಾ ಮಣ್ಣು ಒಣಗಿದರೆ, ಸಿಪ್ಪೆಗೆ ಹಿಡಿತ ಸಿಗದೆ ಮೊಳಕೆ ಅದನ್ನು ಟೋಪಿಯಾಗಿ ಹೊತ್ತುಕೊಂಡೇ ಮೇಲೆ ಬರುತ್ತದೆ. ಬಂದರೆ ಕಿತ್ತು ತೆಗೆಯಲು ಹೋಗಬೇಡಿ, ಎಲೆಯೂ ಹರಿದೀತು. ಒಂದು ಹನಿ ನೀರು ಸವರಿ ಅರ್ಧ ಗಂಟೆ ಬಿಟ್ಟರೆ ತಾನೇ ಕಳಚುತ್ತದೆ.

ಟೊಮೆಟೊ ವಿಷಯದಲ್ಲಿ ನನ್ನನ್ನು ಕಾಡಿದ ಪ್ರಶ್ನೆಯೇ ಬೇರೆ. ಹಣ್ಣಿನೊಳಗೆ ನೀರಿದೆ, ಬೆಚ್ಚಗಿದೆ, ಆದರೂ ಬೀಜ ಅಲ್ಲೇ ಯಾಕೆ ಮೊಳೆಯುವುದಿಲ್ಲ? ಸುತ್ತಲಿನ ಲೋಳೆಯಲ್ಲಿ ಗುಟ್ಟಿದೆ. "ಇನ್ನೂ ಹೊತ್ತಾಗಿಲ್ಲ, ಮಲಗು" ಎನ್ನುವ ಅಬ್ಸಿಸಿಕ್ ಆಮ್ಲ ಅದರಲ್ಲಿರುತ್ತದೆ. ಹಣ್ಣು ಬಿದ್ದು ಕೊಳೆತು ಲೋಳೆ ಕರಗಿದ ಮೇಲೆಯೇ ಬೀಜಕ್ಕೆ ಬಿಡುಗಡೆ. ಅದಕ್ಕೇ ಟೊಮೆಟೊ ಬೀಜ ಮಾಡಿಕೊಳ್ಳುವವರು ತಿರುಳನ್ನು ಲೋಟದಲ್ಲಿ ಎರಡು ಮೂರು ದಿನ ಹುಳಿಯಲು ಬಿಟ್ಟು, ವಾಸನೆ ಸಹಿಸಿಕೊಂಡು, ತೊಳೆದು, ನೆರಳಲ್ಲಿ ಒಣಗಿಸುವುದು. ಫ್ರಿಜ್ಜಿನ ಮೂಲೆಯಲ್ಲಿ ಮರೆತ ಟೊಮೆಟೊ ಕೊಯ್ದಾಗ ಒಳಗೆ ಬಿಳಿ ಹುಳುಗಳಂಥವು ಕಂಡು ಕಿರುಚಿದ್ದೀರಾ? ಅವು ಹುಳುವಲ್ಲ, ಕಾಯುವ ವ್ಯವಧಾನವಿಲ್ಲದೆ ಹಣ್ಣಿನಲ್ಲೇ ಹುಟ್ಟಿಬಿಟ್ಟ ಸಸಿಗಳು!

*

ಕತ್ತಲಲ್ಲಿ ಅಗೆಯುವ ಆ ಬಾಟಲಿಗೆ ಈಗ ಬರೋಣ. ಬೀಜಕ್ಕೆ ಬೆಳಕು ಕಾಣಿಸುತ್ತದೆ. ಹೌದು, ಕಣ್ಣಿಲ್ಲದ ಬೀಜಕ್ಕೆ! 1952ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್‌ನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಬೋರ್ತ್‌ವಿಕ್, ಹೆಂಡ್ರಿಕ್ಸ್ ಮತ್ತು ಸಂಗಡಿಗರು ನೆನೆಸಿದ ಲೆಟ್ಯೂಸ್ ಬೀಜದ ಮೇಲೆ ಕೆಂಪು ಬೆಳಕು ಬಿಟ್ಟರು, ಮೊಳೆಯಿತು. ಕೆಂಪಿಗಿಂತ ಆಚೆಯ, ನಮ್ಮ ಕಣ್ಣಿಗೆ ಹೆಚ್ಚುಕಡಿಮೆ ಕಾಣದ ದೂರಕೆಂಪು ಬೆಳಕು ಬಿಟ್ಟರು, ಮೊಳೆಯಲಿಲ್ಲ. ಎರಡನ್ನೂ ಒಂದರ ಮೇಲೊಂದು ಬಿಡುತ್ತ ಹೋದರು. ಕೆಂಪು, ದೂರಕೆಂಪು, ಕೆಂಪು, ದೂರಕೆಂಪು. ಎಷ್ಟು ಸಲ ಬಿಟ್ಟರೂ ಬೀಜ ಕೇಳಿದ್ದು ಕೊನೆಯದನ್ನು ಮಾತ್ರ. ಕೊನೆಗೆ ಕೆಂಪು ಬಿದ್ದಿದ್ದರೆ ಎದ್ದಿತು, ದೂರಕೆಂಪು ಬಿದ್ದಿದ್ದರೆ ಮಲಗಿತು! ಬೀಜದೊಳಗೆ ಫೈಟೋಕ್ರೋಮ್ ಎಂಬ ವರ್ಣದ್ರವ್ಯ ಕೂತು ಈ ಲೆಕ್ಕ ಇಡುತ್ತದೆ.

ಲೆಕ್ಕ ಯಾಕೆ ಬೇಕು ಅದಕ್ಕೆ? ಹಸಿರೆಲೆ ಕೆಂಪು ಬೆಳಕನ್ನು ಹೀರಿಕೊಂಡು ದೂರಕೆಂಪನ್ನು ಕೆಳಕ್ಕೆ ಬಿಡುತ್ತದೆ. ಆದ್ದರಿಂದ ಮೇಲಿಂದ ಬರೀ ದೂರಕೆಂಪು ಬರುತ್ತಿದೆ ಎಂದರೆ ಮೇಲೆ ಯಾರೋ ದೊಡ್ಡವರು ನೆರಳು ಹಿಡಿದು ನಿಂತಿದ್ದಾರೆ, ಈಗ ಹುಟ್ಟಿದರೆ ಉಳಿಗಾಲವಿಲ್ಲ. ಸಾಸಿವೆಗಿಂತ ಸಣ್ಣ ಬೀಜದ ಮುಂದಾಲೋಚನೆ ಇದು! ಮಣ್ಣು ಅಗೆದಾಗ ಕಳೆ ಎಲ್ಲಿಂದ ಬಂತು ಎಂದು ಬೈಯುತ್ತೇವಲ್ಲ, ಮಣ್ಣು ಮಗುಚುವಾಗ ಕ್ಷಣಮಾತ್ರ ಬಿದ್ದ ಬೆಳಕೇ ಎಷ್ಟೋ ಕಳೆಬೀಜಗಳಿಗೆ ಎಚ್ಚರಿಕೆಯ ಗಂಟೆ. ಬೀಲ್ ಬಾಟಲಿಯನ್ನು ಕತ್ತಲಲ್ಲಿ ತೆಗೆಯುವುದು ಅದಕ್ಕೇ. ಅಂದಹಾಗೆ ಕುಂಡದ ಕೆಂಪು ಮಣ್ಣಿನಿಂದ ತಾನಾಗಿ ಎದ್ದದ್ದನ್ನೆಲ್ಲ ಕಿತ್ತೆಸೆಯುವ ಮೊದಲು ಗೊತ್ತಿರುವ ಹಿರಿಯರಿಗೆ ತೋರಿಸಿ. ಗಣಿಕೆ, ಗೋಣಿಸೊಪ್ಪು, ಹೊನಗೊನ್ನೆ ಇದ್ದೀತು. ಕೋಲಾರ, ತುಮಕೂರಿನ ಕಡೆ ಬೆರಕೆ ಸೊಪ್ಪಿನ ಮಸ್ಸೊಪ್ಪಿಗೆ ಇಂಥವೇ ಜೀವಾಳ.

ಗಟ್ಟಿ ಸಿಪ್ಪೆಯವು ಕೆಲವಿವೆ, ಅವಕ್ಕೆ ಸ್ವಲ್ಪ ಉಪಚಾರ ಬೇಕು. ಬೆಂಡೆ, ಹಾಗಲ ರಾತ್ರಿಯಿಡೀ ನೀರಿನಲ್ಲಿ ನೆನೆಯಲಿ. ಕೊತ್ತಂಬರಿ ಬೀಜ ಎಂದು ನಾವು ಕರೆಯುವ ಗುಂಡು ನಿಜಕ್ಕೆ ಒಂದು ಕಾಯಿ, ಅದರೊಳಗೆ ಎರಡು ಬೀಜ ಬೆನ್ನು ತಿರುಗಿಸಿ ಕೂತಿವೆ! ನೆಲದ ಮೇಲೆ ಹರಡಿ ಚಪ್ಪಲಿಯ ತಳದಿಂದ ಮೆಲ್ಲಗೆ ಉಜ್ಜಿದರೆ ಹೋಳಾಗುತ್ತದೆ. ಬಿಸಿಲೇರಿದರೆ ಬೇಗ ಹೂವಿಗೆ ತಿರುಗುವುದರಿಂದ ಅದನ್ನು ನೆರಳಿನ ಮೂಲೆಗೆ ಬಿತ್ತಿ. ಒಂದು ಗ್ರಾಂಗೆ ಸಾವಿರಕ್ಕೂ ಹೆಚ್ಚು ತೂಗುವ ಹರಿವೆ ಬೀಜವನ್ನು ಬರಿಗೈಯಲ್ಲಿ ಚೆಲ್ಲಿದರೆ ಒಂದೇ ಕಡೆ ಗುಂಪಾಗುತ್ತದೆ, ಮೇಲಾಗಿ ಇರುವೆಗಳು ಸಾಲುಗಟ್ಟಿ ಹೊತ್ತೊಯ್ಯುತ್ತವೆ. ಹಳಬರು ಇದಕ್ಕೆ ಮರಳಿನ ಜೊತೆ ಒಂದು ಹಿಡಿ ಅಕ್ಕಿ ತರಿ ಬೆರೆಸಿ ಚೆಲ್ಲುತ್ತಿದ್ದರು. ಇರುವೆ ತರಿಗೆ ಸಮಾಧಾನ, ಬೀಜ ಮಣ್ಣಿಗೆ.

ಇಷ್ಟಾದರೂ ಸಸಿಗಳು ಸಾಯುತ್ತವೆ, ಹೆಚ್ಚಾಗಿ ನಮ್ಮ ಪ್ರೀತಿಯಿಂದ. ದಿನಕ್ಕೆ ಮೂರು ಸಲ ನೀರು ಹಾಕಿ ಮಣ್ಣನ್ನು ಕೆಸರು ಮಾಡಿದರೆ ಶಿಲೀಂಧ್ರದಂಥ ಜೀವಿಗಳು ಬುಡಕ್ಕೆ ಬಿದ್ದು, ಸಂಜೆ ನೆಟ್ಟಗಿದ್ದ ಸಸಿ ಬೆಳಿಗ್ಗೆ ದಾರ ಕಟ್ಟಿ ಎಳೆದಂತೆ ಮಲಗಿರುತ್ತದೆ. ಮೇಲ್ಮಣ್ಣು ಒಣಗಿದ ಮೇಲೆಯೇ ನೀರು ಸಿಂಪಡಿಸಿ. ಮೊಳಕೆ ಕಂಡ ದಿನವೇ ಟ್ರೇಯನ್ನು ಬೆಳಕಿಗೆ ತನ್ನಿ, ಇಲ್ಲದಿದ್ದರೆ ಬೆಳಕು ಹುಡುಕುತ್ತ ಸಣಕಲಾಗಿ ಉದ್ದುದ್ದ ಬೆಳೆದುಬಿಡುತ್ತವೆ. ಇನ್ನೊಂದು ವಿಷಯ ಓದಿ ನಾನೇ ನಂಬಿರಲಿಲ್ಲ: ಸಸಿಗಳ ತಲೆ ಸವರಬೇಕು! ದಿನಕ್ಕೊಮ್ಮೆ ಅಂಗೈಯಿಂದ ಮೆಲ್ಲಗೆ ಆ ಕಡೆ ಈ ಕಡೆ ಸವರಿದರೆ, ಗಾಳಿ ಬೀಸುತ್ತಿದೆ ಎಂದುಕೊಂಡು ಸಸಿ ಎತ್ತರ ಬಿಟ್ಟು ಕಾಂಡ ದಪ್ಪ ಮಾಡಿಕೊಳ್ಳುತ್ತದೆ. 1970ರ ದಶಕದಲ್ಲಿ ಮೊರ್ಡೆಕೈ ಜಾಫೆ ಎಂಬ ವಿಜ್ಞಾನಿ ಸ್ಪರ್ಶಕ್ಕೆ ಗಿಡ ಬದಲಾಗುವ ಈ ಗುಣವನ್ನು ಅಳೆದು ಹೆಸರಿಟ್ಟರು. ಈಗ ನಮ್ಮ ಮನೆಯ ಟೊಮೆಟೊ ಸಸಿಗಳಿಗೆ ದಿನಾ ಆಶೀರ್ವಾದ.

ಬೀಜ ಎಲ್ಲಿಂದ ತರಬೇಕು? ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ತಳಿಗಳು ನೆಚ್ಚಿಕೊಳ್ಳುವಂಥವು. ಹಳದಿ ನಂಜು ರೋಗ ತಡೆಯಲೆಂದು ರೂಪಿಸಿದ ಅರ್ಕಾ ಅನಾಮಿಕ ಬೆಂಡೆಯ ಬಲಿತ ಕಾಯಿಯಿಂದ ಮುಂದಿನ ವರ್ಷಕ್ಕೆ ಬೀಜ ಎತ್ತಿಟ್ಟುಕೊಳ್ಳಬಹುದು. ಅರ್ಕಾ ರಕ್ಷಕ್ ಟೊಮೆಟೊದಂಥ ಸಂಕರ ತಳಿಯಲ್ಲಿ ಹಾಗಾಗದು, ಮಕ್ಕಳು ತಾಯಿಯನ್ನು ಹೋಲುವುದಿಲ್ಲ. ನನ್ನ ಪಕ್ಷಪಾತ ನಾಟಿ ಬೀಜದ ಕಡೆಗೆ. ಶಿರಸಿಯ ವನಸ್ತ್ರೀ ಬಳಗದ ಹೆಣ್ಣುಮಕ್ಕಳು ಮಲೆನಾಡಿನ ಹಿತ್ತಲುಗಳ ಬೀಜಗಳನ್ನು ಉಳಿಸಿ ಹಂಚುತ್ತಿದ್ದಾರೆ. ಬೆಂಗಳೂರಿನ 'ಊಟ ಫ್ರಮ್ ಯುವರ್ ತೋಟ' ಮೇಳಗಳಲ್ಲಿ ತಾರಸಿ ತೋಟದವರೆಲ್ಲ ಒಂದೆಡೆ ಸೇರುತ್ತಾರೆ. ಬೀಜ ಕೇಳಿದರೆ ಬೇಡ ಎನ್ನುವ ತೋಟದವರನ್ನು ನಾನು ಕಂಡಿಲ್ಲ.

ಅಮ್ಮ ಇವತ್ತಿಗೂ ಸೌತೆಬೀಜವನ್ನು ಬೂದಿಯಲ್ಲಿ ಹೊರಳಿಸಿ ಇಡುತ್ತಾರೆ. ಅವರ ಬಾಲ್ಯದ ಮನೆಯಲ್ಲಿ ಅದನ್ನು ಸೆಗಣಿಯಲ್ಲಿ ಕಲಸಿ ಗೋಡೆಗೆ ಬಡಿಯುತ್ತಿದ್ದರಂತೆ. ಹುಳ ಮುಟ್ಟುವುದಿಲ್ಲ, ತೇವ ತಾಗುವುದಿಲ್ಲ, ಗೋಡೆಯೇ ಬೀಜದ ಬ್ಯಾಂಕು! ಉಡುಪಿಯ ಮಟ್ಟು ಊರಿನವರು ಯತಿ ವಾದಿರಾಜರು ಕೊಟ್ಟದ್ದೆಂಬ ಪ್ರತೀತಿಯ ಗುಳ್ಳ ಬದನೆಯ ಬೀಜವನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದಾರೆ, 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆಯೂ ಬಂತು. ಬೀಜ ಕಾಯುವುದು ಎಂದರೆ ಎಲ್ಲಿಯವರೆಗೆ ಎಂದು ಕೇಳಿದರೆ ಲೆನಿನ್‌ಗ್ರಾಡ್ ನೆನಪಾಗುತ್ತದೆ. ಸಸ್ಯವಿಜ್ಞಾನಿ ನಿಕೊಲಾಯ್ ವಾವಿಲೋವ್ ಲೋಕವೆಲ್ಲ ತಿರುಗಿ ಕೂಡಿಸಿದ ಬೀಜಭಂಡಾರವನ್ನು, ಎರಡನೇ ಮಹಾಯುದ್ಧದ ನಾಜಿ ಮುತ್ತಿಗೆಯ ಹಸಿವಿನ ನಡುವೆ ಅಲ್ಲಿನ ಸಿಬ್ಬಂದಿ ಒಂದು ಕಾಳೂ ತಿನ್ನದೆ ಕಾದರು. ಭತ್ತದ ತಳಿಗಳನ್ನು ನೋಡಿಕೊಳ್ಳುತ್ತಿದ್ದ ದಿಮಿತ್ರಿ ಇವಾನೊವ್ ಸಾವಿರಾರು ಅಕ್ಕಿಯ ಪೊಟ್ಟಣಗಳ ಮಧ್ಯೆ ಹಸಿವಿನಿಂದ ಸತ್ತರು. ವಾವಿಲೋವ್ ಸ್ವತಃ ಸ್ಟಾಲಿನ್ನನ ಸೆರೆಮನೆಯಲ್ಲಿ 1943ರಲ್ಲಿ ಕೊನೆಯುಸಿರೆಳೆದರು. ಇದನ್ನು ಓದಿದ ಮೇಲೆ ಪೊಟ್ಟಣದ ತಳದಲ್ಲಿ ಉಳಿದ ಎರಡು ಬೀಜವನ್ನೂ ಎಸೆಯಲು ನನಗೆ ಕೈ ಬರುವುದಿಲ್ಲ.

ಕೊನೆಗೊಂದು ಮಾತು. ಮೊದಲ ಸಲ ತೋಟ ಮಾಡುವವರಿಗೆ ನರ್ಸರಿಯಿಂದ ಸಸಿ ತನ್ನಿ, ಅದು ಸುಲಭ ಎಂದು ಎಲ್ಲರೂ ಹೇಳುತ್ತಾರೆ. ದಯವಿಟ್ಟು ತರಬೇಡಿ! ಎಲ್ಲಕ್ಕಿಂತ ಸೊಗಸಾದ ಆ ಮೊದಲ ಹತ್ತು ದಿನಗಳನ್ನು ನಿಮ್ಮ ಬದಲು ನರ್ಸರಿಯವರು ನೋಡಿಬಿಟ್ಟಿರುತ್ತಾರೆ. ಬೀಜ ತನ್ನಿ. ಪೊಟ್ಟಣದ ಹಿಂದಿನ ದಿನಾಂಕ ನೋಡಿ, ಈರುಳ್ಳಿ ಬೀಜವಂತೂ ಹಳೆಯದಾದರೆ ಮುಟ್ಟಬೇಡಿ, ಅದು ವರ್ಷ ಕಳೆದರೆ ಕೈಕೊಡುತ್ತದೆ. ಬಿತ್ತುವ ಮೊದಲು ಹತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ಪರೀಕ್ಷಿಸಿ. ಎಂಟು ಮೊಳೆತರೆ ಧೈರ್ಯವಾಗಿ ಬಿತ್ತಿ, ಆರಕ್ಕಿಂತ ಕಡಿಮೆಯಾದರೆ ಬೇರೆ ಬೀಜ ತನ್ನಿ. ಯುಗಾದಿಯೊಳಗೆ ಬೆಂಡೆ ಬಿತ್ತಿದರೆ ಮೇ ತಿಂಗಳಲ್ಲಿ ಕಾಯಿ ಕೊಯ್ಯಬಹುದು.